ವಾಣಿಜ್ಯ ಪ್ರಶ್ನೋತ್ತರ: ಲಾಭ ಪುಸ್ತಕದಲ್ಲಿದೆ, ದುಡ್ಡು ಎಲ್ಲಿದೆ?

ಲೆಕ್ಕಶಾಸ್ತ್ರ, ಅರ್ಥಶಾಸ್ತ್ರ ಮತ್ತು ನಿರ್ವಹಣೆಯ ಮೊದಲ ಪಾಠಗಳ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಹತ್ತನ್ನು ಈ ಸಲ ಆರಿಸಿಕೊಂಡಿದ್ದೇವೆ. ಹೆಚ್ಚಿನ ಗೊಂದಲಗಳ ಬೇರು ಒಂದೇ ಕಡೆ ಇದೆ: ಒಂದು ಅಂಕಿ ಯಾರ ಲೆಕ್ಕದ್ದು, ಯಾವ ಪ್ರಶ್ನೆಗೆ ಉತ್ತರ ಎಂದು ಕೇಳಿಕೊಳ್ಳದೆ ನಿಯಮವನ್ನಷ್ಟೇ ಬಾಯಿಪಾಠ ಮಾಡಿರುತ್ತೇವೆ. ಉದಾಹರಣೆಗಳಲ್ಲಿರುವ ಮೊತ್ತಗಳು ಲೆಕ್ಕ ತೋರಿಸುವುದಕ್ಕಾಗಿ ಹಾಕಿಕೊಂಡವು. ಕಾಗದ, ಪೆನ್ನು ಹಿಡಿದು ಜತೆಜತೆಗೇ ಮಾಡಿ ನೋಡಿ.

ಪ್ರಶ್ನೆ: ‘ಬಂದದ್ದು ಡೆಬಿಟ್, ಹೋದದ್ದು ಕ್ರೆಡಿಟ್’ ಎಂದು ಕಲಿತಿದ್ದೇನೆ. ಆದರೆ ಬ್ಯಾಂಕಿಗೆ ಹಣ ಕಟ್ಟಿದಾಗ ಪಾಸ್‌ಬುಕ್ಕಿನಲ್ಲಿ ಕ್ರೆಡಿಟ್ ಎಂದಿರುತ್ತದೆ, ತೆಗೆದಾಗ ಡೆಬಿಟ್ ಎಂದಿರುತ್ತದೆ. ತಪ್ಪು ಯಾರದು?

ಉತ್ತರ: ಯಾರದೂ ತಪ್ಪಲ್ಲ. ಪಾಸ್‌ಬುಕ್ ನಿಮ್ಮ ಲೆಕ್ಕದ ಪುಸ್ತಕವಲ್ಲ, ಬ್ಯಾಂಕಿನ ಪುಸ್ತಕದಲ್ಲಿ ನಿಮ್ಮ ಹೆಸರಿನ ಮೇಲಿರುವ ಖಾತೆಯ ನಕಲು. ನೀವು ಹಣ ಕಟ್ಟಿದ ಕ್ಷಣದಿಂದ ಬ್ಯಾಂಕು ನಿಮಗೆ ಅಷ್ಟು ಕೊಡಬೇಕಾದ ಸಾಲಗಾರ. ಅದರ ಹೊಣೆ ಹೆಚ್ಚಿತು, ಆದ್ದರಿಂದ ಅದು ಕ್ರೆಡಿಟ್ ಬರೆಯಿತು. ಅದೇ ಹಣ ನಿಮ್ಮ ಪುಸ್ತಕದಲ್ಲಿ ಬ್ಯಾಂಕಿನಿಂದ ಬರಬೇಕಾದ ಆಸ್ತಿ, ಆದ್ದರಿಂದ ನಿಮ್ಮಲ್ಲಿ ಡೆಬಿಟ್.

‘ಬಂದದ್ದು, ಹೋದದ್ದು’ ಎಂಬ ಸೂತ್ರ ವಸ್ತುಗಳ ಖಾತೆಗೆ ಮಾತ್ರ ಸಲ್ಲುತ್ತದೆ. ಎಲ್ಲ ಕಡೆಗೂ ಸಲ್ಲುವುದು ಒಂದೇ ಸಮೀಕರಣ: ಆಸ್ತಿ = ಹೊಣೆ + ಬಂಡವಾಳ. ಆಸ್ತಿ ಮತ್ತು ಖರ್ಚು ಹೆಚ್ಚಿದರೆ ಡೆಬಿಟ್. ಹೊಣೆ, ಬಂಡವಾಳ ಮತ್ತು ಆದಾಯ ಹೆಚ್ಚಿದರೆ ಕ್ರೆಡಿಟ್. ಕಡಿಮೆಯಾದರೆ ಅದರ ತಿರುವು. ಇಷ್ಟು ಗಟ್ಟಿಯಾದರೆ ಮೂರು ಬಗೆಯ ಖಾತೆಗಳ ಮೂರು ನಿಯಮಗಳನ್ನು ಬೇರೆಯಾಗಿ ನೆನಪಿಡುವ ಅಗತ್ಯವಿಲ್ಲ. ಡೆಬಿಟ್ ಎಂದರೆ ಕೆಟ್ಟದ್ದು, ಕ್ರೆಡಿಟ್ ಎಂದರೆ ಒಳ್ಳೆಯದು ಎಂಬ ಭಾವನೆಯನ್ನು ಮೊದಲು ಬಿಡಿ. ಅವು ಖಾತೆಯ ಎಡಬದಿ, ಬಲಬದಿ ಅಷ್ಟೇ.

ಎರಡೂ ಪುಸ್ತಕಗಳ ಶಿಲ್ಕು ಒಂದೇ ಆಗಿರಬೇಕಲ್ಲ ಎನ್ನಬಹುದು. ಕೊನೆಗೆ ಆಗಬೇಕು, ಆದರೆ ಆ ದಿನವೇ ಆಗುವುದಿಲ್ಲ. ನಿಮ್ಮ ನಗದು ಪುಸ್ತಕದ ಬ್ಯಾಂಕ್ ಶಿಲ್ಕು 48,500 ಇದೆ ಎನ್ನಿ. ನೀವು ಕೊಟ್ಟ 6,000ದ ಚೆಕ್ಕನ್ನು ಪಡೆದವರು ಇನ್ನೂ ಬ್ಯಾಂಕಿಗೆ ಹಾಕಿಲ್ಲ. ನೀವು ಕಟ್ಟಿದ 4,200ರ ಚೆಕ್ಕಿನ ಹಣ ಇನ್ನೂ ಜಮೆಯಾಗಿಲ್ಲ. ಬ್ಯಾಂಕು 300 ಶುಲ್ಕ ಹಿಡಿದಿದೆ, ಗಿರಾಕಿಯೊಬ್ಬರು ನೇರವಾಗಿ 2,500 ಕಟ್ಟಿದ್ದಾರೆ. ಇವೆರಡೂ ನಿಮಗೆ ತಿಳಿದಿಲ್ಲ. ಮೊದಲು ತಿಳಿಯದ ಆ ಎರಡನ್ನು ನಗದು ಪುಸ್ತಕಕ್ಕೇ ಬರೆದುಕೊಳ್ಳಿ: 48,500 − 300 + 2,500 = 50,700. ಉಳಿದ ಎರಡು ಕಾಲದ ವ್ಯತ್ಯಾಸ ಮಾತ್ರ, ಅವುಗಳಿಗೆ ಪುಸ್ತಕದಲ್ಲಿ ನಮೂದು ಬೇಡ, ಬ್ಯಾಂಕಿನ ಲೆಕ್ಕದ ಜತೆ ಹೋಲಿಸುವ ಪಟ್ಟಿ ಸಾಕು: 50,700 + 6,000 − 4,200 = 52,500. ಪಾಸ್‌ಬುಕ್ಕಿನಲ್ಲಿ ಇಷ್ಟೇ ಇರಬೇಕು. ಇಲ್ಲದಿದ್ದರೆ ಯಾವುದೋ ಒಂದು ಕಡೆ ತಪ್ಪಿದೆ. ಕಾಲದ ವ್ಯತ್ಯಾಸಗಳನ್ನೂ ಪುಸ್ತಕದಲ್ಲಿ ‘ಸರಿಪಡಿಸಲು’ ಹೋಗುವುದು ಕಲಿಯುವವರು ಪದೇಪದೇ ಮಾಡುವ ತಪ್ಪು. ಮುಂದಿನ ವಾರ ಚೆಕ್ಕು ಜಮೆಯಾದಾಗ ಅದೇ ಮೊತ್ತ ಎರಡು ಸಲ ಬಂದು ಕೂರುತ್ತದೆ.

ಪ್ರಶ್ನೆ: ತಾಳೆಪಟ್ಟಿಯಲ್ಲಿ (ಎಲ್ಲ ಖಾತೆಗಳ ಶಿಲ್ಕುಗಳನ್ನು ಎರಡು ಬದಿಯಲ್ಲಿ ಬರೆದು ಕೂಡುವ ಟ್ರಯಲ್ ಬ್ಯಾಲೆನ್ಸ್) ಕ್ರೆಡಿಟ್ ಬದಿ 2,700 ಕಡಿಮೆ ಬರುತ್ತಿದೆ. ಎರಡು ದಿನದಿಂದ ಹುಡುಕುತ್ತಿದ್ದೇನೆ. ಎಲ್ಲವನ್ನೂ ಮೊದಲಿನಿಂದ ನೋಡುವುದೇ ದಾರಿಯೇ?

ಉತ್ತರ: ಅದು ಕೊನೆಯ ದಾರಿ. ವ್ಯತ್ಯಾಸದ ಮೊತ್ತವೇ ಅನೇಕ ಸಲ ತಪ್ಪಿನ ಗುರುತು ಹೇಳುತ್ತದೆ, ಆದ್ದರಿಂದ ಅದನ್ನು ಮೊದಲು ಓದಿ.

ಎಲ್ಲಕ್ಕಿಂತ ಮುಂಚೆ ತಾಳೆಪಟ್ಟಿಯ ಎರಡು ಬದಿಗಳನ್ನು ಕೆಳಗಿನಿಂದ ಮೇಲಕ್ಕೆ ಮತ್ತೆ ಕೂಡಿ. ಮೇಲಿನಿಂದಲೇ ಕೂಡಿದರೆ ಕಣ್ಣು ಹಳೆಯ ತಪ್ಪನ್ನೇ ಮತ್ತೆ ಮಾಡುತ್ತದೆ. ನಂತರ ಪ್ರತಿ ಖಾತೆಯ ಶಿಲ್ಕು ಪಟ್ಟಿಗೆ ಬಂದಿದೆಯೇ ನೋಡಿ. ಹೆಚ್ಚಾಗಿ ಬಿಟ್ಟುಹೋಗುವುದು ನಗದು ಮತ್ತು ಬ್ಯಾಂಕ್ ಶಿಲ್ಕುಗಳು. ಅವು ಲೆಡ್ಜರಿನಲ್ಲಿ, ಅಂದರೆ ಉಳಿದ ಖಾತೆಗಳೆಲ್ಲ ಇರುವ ಪುಸ್ತಕದಲ್ಲಿ, ಇರದೆ ನಗದು ಪುಸ್ತಕದಲ್ಲೇ ಉಳಿದಿರುತ್ತವೆ. ಹಿಂದಿನ ವರ್ಷದ ಆರಂಭಿಕ ಶಿಲ್ಕುಗಳನ್ನು ಸರಿಯಾಗಿ ಇಳಿಸಿಕೊಂಡಿದ್ದೀರೋ ಎಂದೂ ನೋಡಿ.

ಇಷ್ಟಾದರೂ ಸಿಗದಿದ್ದರೆ 2,700ರ ಜತೆ ನಾಲ್ಕು ಪರೀಕ್ಷೆ ಮಾಡಿ. ಒಂದು, 2,700 ಎಂಬ ಮೊತ್ತವೇ ಎಲ್ಲಾದರೂ ಇದೆಯೇ? ಇದ್ದರೆ ಅದು ಒಂದು ಬದಿಗೆ ಮಾತ್ರ ಏರಿ, ಕ್ರೆಡಿಟ್ ಬದಿ ಬಿಟ್ಟುಹೋಗಿರಬಹುದು. ಎರಡು, ಅದರ ಅರ್ಧ 1,350 ಇದೆಯೇ? ಕ್ರೆಡಿಟ್ ಆಗಬೇಕಾದ 1,350 ಡೆಬಿಟ್ ಬದಿಯಲ್ಲಿ ಕೂತರೆ ಒಂದು ಕಡೆ ಅಷ್ಟು ಹೆಚ್ಚು, ಇನ್ನೊಂದು ಕಡೆ ಅಷ್ಟು ಕಡಿಮೆಯಾಗಿ ವ್ಯತ್ಯಾಸ ಇಮ್ಮಡಿ ಕಾಣುತ್ತದೆ. ಮೂರು, 9ರಿಂದ ಭಾಗವಾಗುತ್ತದೆಯೇ? 2,700 ÷ 9 = 300. ಶೇಷವಿಲ್ಲದೆ ಭಾಗವಾದ್ದರಿಂದ ಅಂಕಿಗಳು ಅದಲುಬದಲಾಗಿರುವ ಸಂದೇಹ ಬಲವಾಗುತ್ತದೆ. 8,540 ಬರೆಯುವ ಕಡೆ 5,840 ಬರೆದರೆ ವ್ಯತ್ಯಾಸ ಸರಿಯಾಗಿ 2,700. ಭಾಗಲಬ್ಧ 300 ಎಂದರೆ ಸಾವಿರದ ಮತ್ತು ನೂರರ ಸ್ಥಾನಗಳು ಅದಲುಬದಲಾಗಿವೆ, ಆ ಎರಡು ಅಂಕಿಗಳ ನಡುವೆ 3ರ ಅಂತರವಿದೆ ಎಂದರ್ಥ. ಹಾಗಾಗಿ ಇಡೀ ಪುಸ್ತಕ ಬೇಡ, 8 ಮತ್ತು 5, 7 ಮತ್ತು 4, 5 ಮತ್ತು 2ರಂಥ ಜೋಡಿಗಳಿರುವ ಮೊತ್ತಗಳನ್ನಷ್ಟೇ ನೋಡಿ. ನಾಲ್ಕು, ಸೊನ್ನೆ ಜಾರಿದೆಯೇ? 3,000ಕ್ಕೆ 300 ಬರೆದರೂ ವ್ಯತ್ಯಾಸ 2,700, ಅದೂ 9ರಿಂದ ಭಾಗವಾಗುತ್ತದೆ, ಭಾಗಲಬ್ಧ 300 ಎಂಬುದೇ ತಪ್ಪಾಗಿ ಬರೆದ ಮೊತ್ತ. ಆದ್ದರಿಂದ ಪುಸ್ತಕದಲ್ಲಿ 300 ಎಲ್ಲೆಲ್ಲಿದೆ ಎಂದು ಹುಡುಕಿ.

ವ್ಯತ್ಯಾಸ 10, 100, 1,000ದಂಥ ದುಂಡು ಸಂಖ್ಯೆಯಾಗಿದ್ದರೆ ಕೂಡುವಾಗ ದಶಕ ತಪ್ಪಿರುವ ಸಾಧ್ಯತೆ ಹೆಚ್ಚು. ಇವೆಲ್ಲ ಸುಳಿವುಗಳು, ಸಾಕ್ಷಿಗಳಲ್ಲ. ಎರಡು ತಪ್ಪುಗಳು ಬೆರೆತಿದ್ದರೆ ಯಾವ ಪರೀಕ್ಷೆಯೂ ನೆರವಾಗದು. ಆಗ ಒಂದೊಂದು ನಮೂದಿಗೂ ಗುರುತು ಹಾಕುತ್ತ ಹೋಗಲೇಬೇಕು.

ಕಾಲ ಮೀರಿದರೆ 2,700ನ್ನು ಸಸ್ಪೆನ್ಸ್ ಖಾತೆಯ, ಅಂದರೆ ತಪ್ಪು ಸಿಗುವವರೆಗೆ ವ್ಯತ್ಯಾಸವನ್ನು ಇಟ್ಟಿರುವ ಖಾತೆಯ, ಕ್ರೆಡಿಟ್ಟಿಗೆ ಹಾಕಿ ಮುಂದುವರಿಯಬಹುದು. ತಪ್ಪು ಸಿಕ್ಕಾಗ, ಉದಾಹರಣೆಗೆ ಮಾರಾಟ ಪುಸ್ತಕದ ಮೊತ್ತವನ್ನು 2,700 ಕಡಿಮೆ ಕೂಡಿದ್ದರೆ, ಸಸ್ಪೆನ್ಸ್ ಡೆಬಿಟ್, ಮಾರಾಟ ಕ್ರೆಡಿಟ್ ಮಾಡಿ ಮುಚ್ಚಿ. ಆದರೆ ಸಸ್ಪೆನ್ಸ್ ಖಾತೆ ತಾತ್ಕಾಲಿಕ ಆಸರೆ. ವರ್ಷದಿಂದ ವರ್ಷಕ್ಕೆ ಅದನ್ನು ಹೊತ್ತುಕೊಂಡು ಹೋಗುವ ಪುಸ್ತಕದ ಲಾಭದ ಅಂಕಿಯನ್ನು ನಂಬಲಾಗದು.

ಇನ್ನೊಂದು ಮಾತು ಹೇಳಲೇಬೇಕು. ತಾಳೆಯಾಯಿತು ಎಂದ ಮಾತ್ರಕ್ಕೆ ಲೆಕ್ಕ ಸರಿ ಎಂದಲ್ಲ. 4,600ರ ಖರೀದಿ ಬಿಲ್ಲನ್ನು ಖರೀದಿ ಪುಸ್ತಕದಲ್ಲೇ 6,400 ಎಂದು ಬರೆದರೆ ಎರಡೂ ಬದಿಗೆ 6,400 ಏರುತ್ತದೆ, ತಾಳೆಪಟ್ಟಿ ಕದಲುವುದೇ ಇಲ್ಲ. ಒಂದು ವ್ಯವಹಾರವನ್ನು ಪೂರ್ತಿ ಬಿಟ್ಟಿದ್ದರೆ, ಒಬ್ಬರ ಬದಲು ಇನ್ನೊಬ್ಬರ ಖಾತೆಗೆ ಅದೇ ಬದಿಯಲ್ಲಿ ಬರೆದಿದ್ದರೆ, ಯಂತ್ರದ ದುರಸ್ತಿಯನ್ನು ಯಂತ್ರದ ಖಾತೆಗೇ ಹಾಕಿದ್ದರೆ, ಒಂದು ತಪ್ಪನ್ನು ಅಷ್ಟೇ ಮೊತ್ತದ ಇನ್ನೊಂದು ತಪ್ಪು ನುಂಗಿದ್ದರೆ ಕೂಡ ಹಾಗೆಯೇ. ಇವು ಸಿಗುವುದು ಮೂಲ ರಸೀದಿಗಳ ಜತೆ ಹೋಲಿಸಿದಾಗ ಮಾತ್ರ, ಮತ್ತು ಇವನ್ನು ತಿದ್ದಲು ಸಸ್ಪೆನ್ಸ್ ಖಾತೆ ಬೇಕಿಲ್ಲ.

ಪ್ರಶ್ನೆ: ಲಾಭ–ನಷ್ಟದ ಖಾತೆ ಒಳ್ಳೆಯ ಲಾಭ ತೋರಿಸುತ್ತದೆ. ಆದರೆ ಸರಕು ಕೊಟ್ಟವರಿಗೆ ಕಟ್ಟಲು ಕೈಯಲ್ಲಿ ಹಣವಿಲ್ಲ. ಲೆಕ್ಕ ಬರೆದದ್ದೇ ತಪ್ಪೋ?

ಉತ್ತರ: ತಪ್ಪಾಗಿರಬೇಕೆಂದಿಲ್ಲ. ಲಾಭ ಎನ್ನುವುದು ವರ್ಷದಲ್ಲಿ ಗಳಿಸಿದ್ದಕ್ಕೂ ಅದನ್ನು ಗಳಿಸಲು ಸವೆದದ್ದಕ್ಕೂ ಇರುವ ಅಂತರ. ನಗದು ಎಂದರೆ ಬಂದ ಹಣಕ್ಕೂ ಹೋದ ಹಣಕ್ಕೂ ಇರುವ ಅಂತರ. ಎರಡೂ ಬೇರೆ ಪ್ರಶ್ನೆಗಳು. ಪೂರ್ತಿ ಉದಾಹರಣೆ ನೋಡೋಣ.

ಹೊಸ ವ್ಯಾಪಾರವೊಂದಕ್ಕೆ ಮಾಲೀಕರು 4,00,000 ನಗದು ಬಂಡವಾಳ ತಂದರು. 1,00,000 ಕೊಟ್ಟು ಯಂತ್ರ ಕೊಂಡರು. ವರ್ಷದಲ್ಲಿ 7,50,000ದ ಸರಕು ಕೊಂಡರು, ಅದರಲ್ಲಿ 1,00,000 ಕೊಡುವುದು ಬಾಕಿ. 10,00,000ದ ಮಾರಾಟವಾಯಿತು, 3,00,000 ಬರಬೇಕಾಗಿದೆ. ವರ್ಷದ ಕೊನೆಗೆ 1,50,000ದ ಸರಕು ಉಳಿದಿದೆ. ಇತರ ಖರ್ಚು 2,20,000, ಪೂರ್ತಿ ಕೊಟ್ಟಾಗಿದೆ. ಯಂತ್ರದ ಸವಕಳಿ 20,000. ಮಾಲೀಕರು ಸ್ವಂತಕ್ಕೆ 60,000 ತೆಗೆದುಕೊಂಡರು.

ಮಾರಿದ ಸರಕಿನ ವೆಚ್ಚ 7,50,000 − 1,50,000 = 6,00,000. ಒಟ್ಟು ಲಾಭ 4,00,000. ಅದರಲ್ಲಿ ಖರ್ಚು 2,20,000, ಸವಕಳಿ 20,000 ಕಳೆದರೆ ನಿವ್ವಳ ಲಾಭ 1,60,000. ಸ್ವಂತಕ್ಕೆ ತೆಗೆದ 60,000 ಖರ್ಚಲ್ಲ, ಅದು ಬಂಡವಾಳದಿಂದ ಕಳೆಯಬೇಕಾದ್ದು.

ಈಗ ನಗದು. ಗಿರಾಕಿಗಳಿಂದ ಬಂದದ್ದು 7,00,000. ಸರಕಿಗೆ ಕೊಟ್ಟದ್ದು 6,50,000, ಖರ್ಚಿಗೆ 2,20,000. ವ್ಯಾಪಾರವೇ 1,70,000 ನಗದನ್ನು ನುಂಗಿದೆ! ಯಂತ್ರಕ್ಕೆ 1,00,000, ಮಾಲೀಕರಿಗೆ 60,000 ಸೇರಿಸಿದರೆ ಹೊರಗೆ ಹೋದದ್ದು 3,30,000. ತಂದ 4,00,000ದಲ್ಲಿ ಉಳಿದದ್ದು 70,000. ಕೊಡಬೇಕಾದದ್ದು 1,00,000. ನಿಮ್ಮ ಸ್ಥಿತಿಯೂ ಇಂಥದ್ದೇ ಇರಬೇಕು.

ಲಾಭದಿಂದ ನಗದಿಗೆ ನಡೆದು ಬರುವ ದಾರಿ ಇದು: ಲಾಭ 1,60,000, ನಗದು ಹೋಗದ ಖರ್ಚಾದ ಸವಕಳಿ 20,000 ಕೂಡಿ, ಬರಬೇಕಾದ ಬಾಕಿ ಹೆಚ್ಚಿದ 3,00,000 ಕಳೆಯಿರಿ, ಸರಕಿನಲ್ಲಿ ಸಿಕ್ಕಿಬಿದ್ದ 1,50,000 ಕಳೆಯಿರಿ, ಕೊಡದೆ ಉಳಿಸಿಕೊಂಡ 1,00,000 ಕೂಡಿ. ಮತ್ತೆ ಅದೇ −1,70,000. ಅಢಾವೆ ಪತ್ರಿಕೆ, ಅಂದರೆ ಬ್ಯಾಲೆನ್ಸ್ ಶೀಟ್, ಕೂಡ ಕೂಡಿಬರುತ್ತದೆ: ನಗದು 70,000, ಬರಬೇಕಾದ್ದು 3,00,000, ಸರಕು 1,50,000, ಯಂತ್ರ 80,000, ಒಟ್ಟು 6,00,000. ಎದುರು ಬದಿಯಲ್ಲಿ ಕೊಡಬೇಕಾದ್ದು 1,00,000, ಬಂಡವಾಳ 5,00,000. ಲಾಭ ಎಲ್ಲೂ ಕಳೆದುಹೋಗಿಲ್ಲ. ಅದು ಗಿರಾಕಿಗಳ ಬಾಕಿಯಾಗಿ, ಉಗ್ರಾಣದ ಸರಕಾಗಿ ಕೂತಿದೆ.

ದಿನಗಳ ಲೆಕ್ಕದಲ್ಲಿ ನೋಡಿದರೆ ರೋಗ ಇನ್ನೂ ಸ್ಪಷ್ಟ. ಬಾಕಿ ಬರಲು 3,00,000 ÷ 10,00,000 × 365, ಸುಮಾರು 110 ದಿನ. ಸರಕು ಮಾರಾಟವಾಗಲು 1,50,000 ÷ 6,00,000 × 365, ಸುಮಾರು 91 ದಿನ. ನೀವು ಕೊಡಲು ತೆಗೆದುಕೊಳ್ಳುವುದು 1,00,000 ÷ 7,50,000 × 365, ಸುಮಾರು 49 ದಿನ. 110 + 91 − 49 = 152. ಸರಕಿಗೆ ಕೊಟ್ಟ ಹಣ ಸುತ್ತಿಬಂದು ಕೈಸೇರಲು ಐದು ತಿಂಗಳು! ಆ ಐದು ತಿಂಗಳನ್ನು ಯಾರೋ ಹೊರಬೇಕು, ಇಲ್ಲಿ ಬಂಡವಾಳ ಹೊರುತ್ತಿದೆ.

ಇಂಥ ಹೊತ್ತಿನಲ್ಲಿ ‘ಮಾರಾಟ ಹೆಚ್ಚಿಸಿದರೆ ಸರಿಹೋಗುತ್ತದೆ’ ಎಂಬ ಸಲಹೆ ಬಹಳ ಅಪಾಯಕಾರಿ ಎಂದೇ ನಾವು ಹೇಳುತ್ತೇವೆ. ಇದೇ ಉದ್ದರಿಯ ಗಡುವಿನಲ್ಲಿ ಮಾರಾಟ ಇಮ್ಮಡಿಯಾದರೆ ಸಿಕ್ಕಿಬೀಳುವ ಹಣವೂ ಇಮ್ಮಡಿ. ಲಾಭದಲ್ಲಿರುವಾಗಲೇ ವ್ಯಾಪಾರಗಳು ಮುಳುಗುವುದು ಹೀಗೆ. ಮೊದಲು ಗಿರಾಕಿಗಳ ಬಾಕಿಯನ್ನು ವಯಸ್ಸಿನ ಪ್ರಕಾರ ಪಟ್ಟಿ ಮಾಡಿ: 30 ದಿನದೊಳಗಿನದು, 31ರಿಂದ 60, 61ರಿಂದ 90, ಅದಕ್ಕೂ ಹಳೆಯದು. ಹಳೆಯದರಿಂದ ವಸೂಲಿ ಆರಂಭಿಸಿ. 90 ದಿನ ಮೀರಿದವರಿಗೆ ಹೊಸ ಉದ್ದರಿ ನಿಲ್ಲಿಸಿ. ಉಗ್ರಾಣದಲ್ಲಿ ಕದಲದೆ ಬಿದ್ದ ಸರಕನ್ನು ಗುರುತಿಸಿ ಅದರ ಮರುಖರೀದಿ ತಡೆಯಿರಿ. ಮುಂದಿನ 13 ವಾರಗಳಿಗೆ ವಾರವಾರವೂ ಬರುವ, ಹೋಗುವ ನಗದಿನ ಅಂದಾಜು ಬರೆದಿಡಿ; ಯಾವ ವಾರ ಶಿಲ್ಕು ಸೊನ್ನೆಗಿಂತ ಕೆಳಗಿಳಿಯುತ್ತದೆ ಎಂದು ಮುಂಚೆಯೇ ಕಂಡರೆ ಸರಕು ಕೊಡುವವರ ಹತ್ತಿರ ಗಡುವು ಕೇಳಲು ಸಮಯ ಸಿಗುತ್ತದೆ.

ಪ್ರಶ್ನೆ: ವರ್ಷವರ್ಷ ಸವಕಳಿ ಕಳೆಯುತ್ತೇವಲ್ಲ, ಆ ಹಣ ಎಲ್ಲಿ ಸಂಗ್ರಹವಾಗುತ್ತದೆ? ಮತ್ತು 20% ದರದಲ್ಲಿ ಐದು ವರ್ಷ ಕಳೆದರೂ ಯಂತ್ರದ ಬೆಲೆ ಸೊನ್ನೆಯಾಗಲಿಲ್ಲ, ಏಕೆ?

ಉತ್ತರ: ಎಲ್ಲೂ ಸಂಗ್ರಹವಾಗುವುದಿಲ್ಲ. ಸವಕಳಿ ಎಂದರೆ ಯಂತ್ರಕ್ಕೆ ಮೊದಲೇ ಕೊಟ್ಟ ಹಣವನ್ನು ಅದು ದುಡಿಯುವ ವರ್ಷಗಳಿಗೆ ಹಂಚುವುದು. ಸವಕಳಿ ಬರೆದ ದಿನ ಒಂದು ನಾಣ್ಯವೂ ಕದಲುವುದಿಲ್ಲ. ಹಳೆಯ ಯಂತ್ರ ಸವೆದಾಗ ಹೊಸದಕ್ಕೆ ಹಣ ಸಿದ್ಧವಿರಬೇಕೆಂದರೆ ಬೇರೆಯಾಗಿ ತೆಗೆದಿಡಬೇಕು. ಪುಸ್ತಕದ ಬೆಲೆ ಪೇಟೆಯ ಬೆಲೆಯೂ ಅಲ್ಲ. ಇನ್ನೂ ಹಂಚದೆ ಉಳಿದ ವೆಚ್ಚ ಅಷ್ಟೇ.

ಎರಡನೆಯದಕ್ಕೆ, ನೀವು ಇಳಿಕೆ ಶಿಲ್ಕಿನ ವಿಧಾನ ಬಳಸಿದ್ದೀರಿ. ಅಲ್ಲಿ 20% ಮೂಲ ಬೆಲೆಯ ಮೇಲಲ್ಲ, ಉಳಿದ ಶಿಲ್ಕಿನ ಮೇಲೆ. 1,00,000ದ ಯಂತ್ರಕ್ಕೆ ಕ್ರಮವಾಗಿ 20,000, 16,000, 12,800, 10,240, 8,192 ಕಳೆದು ಐದನೇ ವರ್ಷದ ಕೊನೆಗೆ 32,768 ಉಳಿಯುತ್ತದೆ. ಈ ವಿಧಾನದಲ್ಲಿ ಶಿಲ್ಕು ಎಂದಿಗೂ ಸೊನ್ನೆ ಮುಟ್ಟದು. ಐದು ವರ್ಷಕ್ಕೆ 10,000 ಗುಜರಿ ಬೆಲೆಗೆ ಇಳಿಯಬೇಕಾದರೆ ದರ ಸುಮಾರು 36.9% ಇರಬೇಕು. ಸಮಕಂತು ವಿಧಾನವಾದರೆ ಲೆಕ್ಕ ನೇರ: (1,00,000 − 10,000) ÷ 5, ವರ್ಷಕ್ಕೆ 18,000. ಮೊದಮೊದಲು ಹೆಚ್ಚು ದುಡಿದು ಆಮೇಲೆ ದುರಸ್ತಿ ಕೇಳುವ ಯಂತ್ರಕ್ಕೆ ಇಳಿಕೆ ಶಿಲ್ಕು ಒಪ್ಪುತ್ತದೆ. ಗುತ್ತಿಗೆ ಹಕ್ಕಿನಂತೆ ಪ್ರತಿವರ್ಷವೂ ಒಂದೇ ಸಮನೆ ಕರಗುವುದಕ್ಕೆ ಸಮಕಂತು ಸರಿ. ವರ್ಷದ ನಡುವೆ ಕೊಂಡ ಯಂತ್ರಕ್ಕೆ ಬಳಸಿದ ತಿಂಗಳುಗಳಷ್ಟೇ ಎಣಿಸಿ.

ಪ್ರಶ್ನೆ: ಹೊಸ ಯಂತ್ರ ತರಿಸಿದ ಸಾಗಣೆ ವೆಚ್ಚವನ್ನು ಸಾಗಣೆ ಖಾತೆಗೆ ಬರೆದೆ. ಪರೀಕ್ಷೆಯಲ್ಲಿ ತಪ್ಪೆಂದರು.

ಉತ್ತರ: ತಪ್ಪೇ. ಯಂತ್ರ ಕೆಲಸಕ್ಕೆ ಸಿದ್ಧವಾಗುವವರೆಗಿನ ಸಾಗಣೆ, ಕೂರಿಸುವ ಕೂಲಿ, ಪರೀಕ್ಷಾ ಓಟದ ವೆಚ್ಚ ಎಲ್ಲವೂ ಯಂತ್ರದ ಬೆಲೆಗೇ ಸೇರಬೇಕು. ಸಾಗಣೆ ಖಾತೆಗೆ ಹಾಕಿದರೆ ಈ ವರ್ಷದ ಲಾಭ ಅಷ್ಟೂ ಕುಗ್ಗುತ್ತದೆ, ಮುಂದಿನ ವರ್ಷಗಳ ಲಾಭ ಸವಕಳಿಯಷ್ಟು ಉಬ್ಬುತ್ತದೆ. ಯಂತ್ರ ಓಡತೊಡಗಿದ ಮೇಲಿನ ಎಣ್ಣೆ, ದುರಸ್ತಿ ಆಯಾ ವರ್ಷದ ಖರ್ಚು.

ಪ್ರಶ್ನೆ: ನನಗೆ 30% ಲಾಭ ಬೇಕು. 80ರ ವಸ್ತುವಿಗೆ 30% ಕೂಡಿ 104ಕ್ಕೆ ಮಾರುತ್ತೇನೆ. ವರ್ಷದ ಕೊನೆಗೆ ಲಾಭ 23% ಮಾತ್ರ ತೋರಿಸುತ್ತದೆ. ಉಳಿದದ್ದು ಸೋರಿಹೋಯಿತೇ?

ಉತ್ತರ: ಸೋರಿಲ್ಲ, ಅಳತೆಗೋಲು ಬದಲಾಗಿದೆ. ನೀವು ಕೊಂಡ ಬೆಲೆಯ ಮೇಲೆ ಕೂಡಿದಿರಿ, ಲಾಭ–ನಷ್ಟದ ಖಾತೆ ಮಾರಿದ ಬೆಲೆಯ ಮೇಲೆ ಅಳೆಯಿತು. 24 ÷ 104 = 23.08%. ಮಾರಾಟದ ಮೇಲೆ 30% ಬೇಕಿದ್ದರೆ ಕೊಂಡ ಬೆಲೆಯನ್ನು 0.70ರಿಂದ ಭಾಗಿಸಿ: 80 ÷ 0.70 = 114.29. ಕೊಂಡದ್ದರ ಮೇಲೆ 25% ಎಂದರೆ ಮಾರಿದ್ದರ ಮೇಲೆ 20%. ಕೊಂಡದ್ದರ ಮೇಲೆ 50% ಎಂದರೆ ಮಾರಿದ್ದರ ಮೇಲೆ 33.33%. ಯಾರಾದರೂ ಲಾಭದ ಶೇಕಡಾ ಹೇಳಿದರೆ ‘ಯಾವುದರ ಮೇಲೆ?’ ಎಂದು ಕೇಳದೆ ಮುಂದೆ ಹೋಗಬೇಡಿ.

ಪ್ರಶ್ನೆ: ಮಾರಾಟ ಹೆಚ್ಚಿಸಲು 10% ರಿಯಾಯಿತಿ ಕೊಡಬೇಕೆಂದಿದ್ದೇವೆ. ಮಾರಾಟ 10% ಹೆಚ್ಚಿದರೆ ಸರಿದೂಗುತ್ತದೆಯಲ್ಲವೇ?

ಉತ್ತರ: ಇಲ್ಲ, ಹತ್ತಿರಕ್ಕೂ ಬರುವುದಿಲ್ಲ. ಬೆಲೆ 100, ಒಂದು ವಸ್ತುವಿಗೆ ತಗಲುವ ಬದಲಾಗುವ ವೆಚ್ಚ 60, ವರ್ಷದ ಸ್ಥಿರ ವೆಚ್ಚ 2,00,000 ಎನ್ನಿ. ಪ್ರತಿ ವಸ್ತು ಸ್ಥಿರ ವೆಚ್ಚ ತುಂಬಲು ಕೊಡುವ ವಂತಿಗೆ 40. ಲಾಭವೂ ಇಲ್ಲ, ನಷ್ಟವೂ ಇಲ್ಲ ಎಂಬ ಬಿಂದು 2,00,000 ÷ 40 = 5,000 ವಸ್ತು. ಈಗ 7,000 ಮಾರುತ್ತಿದ್ದರೆ ಲಾಭ 2,000 × 40 = 80,000.

ಬೆಲೆ 90ಕ್ಕೆ ಇಳಿಸಿದಾಗ 10% ಇಳಿದದ್ದು ಬೆಲೆ. ವಂತಿಗೆ 40ರಿಂದ 30ಕ್ಕೆ, ಅಂದರೆ 25% ಕುಸಿಯಿತು. ಅದೇ 80,000 ಉಳಿಯಬೇಕಾದರೆ (2,00,000 + 80,000) ÷ 30, ಅಂದರೆ 9,334 ವಸ್ತು ಮಾರಬೇಕು. ಮೂರನೇ ಒಂದರಷ್ಟು ಹೆಚ್ಚು! 10% ಬೆಲೆ ಇಳಿಕೆಗೆ ಗಿರಾಕಿಗಳು 33% ಹೆಚ್ಚು ಕೊಳ್ಳಬೇಕು ಎಂದರೆ ಬೇಡಿಕೆಯ ಸ್ಥಿತಿಸ್ಥಾಪಕತ್ವ (ಬೆಲೆ 1% ಬದಲಾದರೆ ಕೊಳ್ಳುವ ಪ್ರಮಾಣ ಎಷ್ಟು ಶೇಕಡಾ ಬದಲಾಗುತ್ತದೆ ಎಂಬ ಅಳತೆ) 3.3ಕ್ಕಿಂತ ಹೆಚ್ಚಿರಬೇಕು. ಬದಲಿ ವಸ್ತುಗಳು ಕೈಗೆಟಕುವಷ್ಟಿದ್ದು, ಎದುರಾಳಿಗಳು ತಾವೂ ಬೆಲೆ ಇಳಿಸದಿದ್ದರೆ ಮಾತ್ರ ಅದು ನಡೆದೀತು. ಅವರೂ ಇಳಿಸಿದರೆ ಎಲ್ಲರ ವಂತಿಗೆಯೂ ಕುಸಿದು ಮಾರಾಟ ಇದ್ದಲ್ಲೇ ಇರುತ್ತದೆ.

ತಿರುವು ಲೆಕ್ಕವನ್ನೂ ಮಾಡಿ ನೋಡಿ. ಬೆಲೆ 110ಕ್ಕೆ ಏರಿಸಿದರೆ ವಂತಿಗೆ 50, ಅದೇ ಲಾಭಕ್ಕೆ 5,600 ಸಾಕು. ಅಂದರೆ 20% ಗಿರಾಕಿಯನ್ನು ಕಳೆದುಕೊಂಡರೂ ಲಾಭ ಕದಲದು.

ಈ ಲೆಕ್ಕ ಕೆಡುವುದು ಎರಡು ಕಡೆ. ಸ್ಥಿರ ವೆಚ್ಚವನ್ನು ವಸ್ತುಗಳಿಗೆ ಹಂಚಿ ಬದಲಾಗುವ ವೆಚ್ಚದ ಜತೆ ಬೆರೆಸಿದಾಗ ಒಮ್ಮೆ. ಸ್ಥಿರ ವೆಚ್ಚ ಎಷ್ಟು ತಯಾರಿಸಿದರೂ ಸ್ಥಿರವೆಂದು ನಂಬಿದಾಗ ಇನ್ನೊಮ್ಮೆ. ಈಗಿನ ಯಂತ್ರಗಳ ಮಿತಿ 8,500 ಆಗಿದ್ದರೆ 9,334 ತಯಾರಿಸಲು ಇನ್ನೊಂದು ಯಂತ್ರ ಬೇಕು, ಸ್ಥಿರ ವೆಚ್ಚ ಮೆಟ್ಟಿಲೇರುತ್ತದೆ, ಗುರಿ ಇನ್ನೂ ದೂರ ಸರಿಯುತ್ತದೆ.

ಪ್ರಶ್ನೆ: ಬೇಡಿಕೆ ಹೆಚ್ಚಿದರೆ ಬೆಲೆ ಏರುತ್ತದೆ, ಬೆಲೆ ಏರಿದರೆ ಬೇಡಿಕೆ ಕುಗ್ಗುತ್ತದೆ, ಕುಗ್ಗಿದರೆ ಬೆಲೆ ಇಳಿಯುತ್ತದೆ... ಇದಕ್ಕೆ ಕೊನೆಯೇ ಇಲ್ಲವೇ?

ಉತ್ತರ: ‘ಬೇಡಿಕೆ’ ಎಂಬ ಒಂದೇ ಮಾತನ್ನು ಎರಡು ಅರ್ಥದಲ್ಲಿ ಬಳಸಿದ್ದರಿಂದ ಹುಟ್ಟಿದ ಸುಳಿ ಇದು. ಬೆಲೆ ಬದಲಾದಾಗ ಕೊಳ್ಳುವ ಪ್ರಮಾಣ ಬದಲಾಗುವುದು ಬೇಡಿಕೆ ರೇಖೆಯ ಮೇಲೇ ನಡೆಯುವ ಚಲನೆ. ಅದಕ್ಕೆ ಬೇಡಿಕೆಯ ವಿಸ್ತರಣೆ, ಸಂಕುಚನ ಎಂದು ಹೆಸರು. ಆದಾಯ, ಅಭಿರುಚಿ, ಬದಲಿ ವಸ್ತುವಿನ ಬೆಲೆ ಬದಲಾದಾಗ ರೇಖೆಯೇ ಜಾಗ ಬಿಟ್ಟು ಸರಿಯುತ್ತದೆ. ಅದು ಬೇಡಿಕೆಯ ಹೆಚ್ಚಳ ಅಥವಾ ಇಳಿಕೆ.

ಬೇಡಿಕೆ 1,000 − 5 × ಬೆಲೆ, ಪೂರೈಕೆ 5 × ಬೆಲೆ ಎನ್ನಿ. ಬೆಲೆ 100 ಇದ್ದಾಗ ಎರಡೂ 500, ಮಾರುಕಟ್ಟೆ ಸಮತೋಲದಲ್ಲಿದೆ. ಜನರ ಆದಾಯ ಏರಿ ಬೇಡಿಕೆ 1,200 − 5 × ಬೆಲೆ ಆಯಿತು. ಹಳೆಯ ಬೆಲೆಗೆ 700 ಬೇಕು, ಇರುವುದು 500, ಕೊರತೆ 200. ಬೆಲೆ ಏರುತ್ತದೆ. ಏರುತ್ತ ಹೋದಂತೆ ಕೊಳ್ಳುವ ಪ್ರಮಾಣ 700ರಿಂದ 600ಕ್ಕೆ ಸಂಕುಚಿಸುತ್ತದೆ, ಪೂರೈಕೆ 500ರಿಂದ 600ಕ್ಕೆ ವಿಸ್ತರಿಸುತ್ತದೆ, 120ರ ಬೆಲೆಯಲ್ಲಿ ಎರಡೂ ಕೂಡಿ ನಿಲ್ಲುತ್ತದೆ. ನೀವು ‘ಬೇಡಿಕೆ ಕುಗ್ಗುತ್ತದೆ’ ಎಂದದ್ದು 700ರಿಂದ 600ಕ್ಕೆ ಬಂದ ಈ ಸಂಕುಚನವನ್ನು. ರೇಖೆ ಹಿಂದಕ್ಕೆ ಸರಿದಿಲ್ಲ, ಆದ್ದರಿಂದ ಬೆಲೆ ಮತ್ತೆ 100ಕ್ಕೆ ಇಳಿಯಲು ಕಾರಣವೇ ಇಲ್ಲ. ರೇಖಾಚಿತ್ರ ಬರೆಯುವಾಗ ಮೊದಲು ಕೇಳಿಕೊಳ್ಳಿ: ಬದಲಾದದ್ದು ಈ ವಸ್ತುವಿನ ಬೆಲೆಯೋ, ಬೇರೆ ಏನಾದರೂ ಒಂದೋ? ಬೆಲೆಯೊಂದೇ ಆದರೆ ರೇಖೆಯನ್ನು ಮುಟ್ಟಬೇಡಿ.

ಪ್ರಶ್ನೆ: ‘ಏಕ ಆಜ್ಞೆ’ ಮತ್ತು ‘ಏಕ ನಿರ್ದೇಶನ’ ಎರಡೂ ಒಂದೇ ಅಲ್ಲವೇ?

ಉತ್ತರ: ಅಲ್ಲ. 1916ರಲ್ಲಿ ಫ್ರಾನ್ಸಿನ ಗಣಿ ಎಂಜಿನಿಯರ್ ಹೆನ್ರಿ ಫಯೋಲ್ ಮಂಡಿಸಿದ 14 ತತ್ತ್ವಗಳಲ್ಲಿ ಇವು ಎರಡು. ಏಕ ಆಜ್ಞೆ ಒಬ್ಬ ಕೆಲಸಗಾರನಿಗೆ ಸಂಬಂಧಿಸಿದ್ದು: ಅವನಿಗೆ ಅಪ್ಪಣೆ ಒಬ್ಬ ಮೇಲಧಿಕಾರಿಯಿಂದ ಮಾತ್ರ ಬರಬೇಕು. ಏಕ ನಿರ್ದೇಶನ ಕೆಲಸಕ್ಕೆ ಸಂಬಂಧಿಸಿದ್ದು: ಒಂದೇ ಗುರಿಯ ಚಟುವಟಿಕೆಗಳಿಗೆ ಒಬ್ಬ ಮುಖ್ಯಸ್ಥ, ಒಂದು ಯೋಜನೆ. ಅಮೆರಿಕದ ಎಂಜಿನಿಯರ್ ಎಫ್. ಡಬ್ಲ್ಯೂ. ಟೇಲರ್ ಏಕ ಆಜ್ಞೆಗೆ ವಿರುದ್ಧವಾಗುವಂತೆ, ಕೆಲಸಗಾರನ ಮೇಲೆ ನಾಲ್ವರು ಯೋಜನೆಯ ಕಡೆಯಿಂದ, ನಾಲ್ವರು ಕಾರ್ಯಾಗಾರದ ಕಡೆಯಿಂದ, ಒಟ್ಟು ಎಂಟು ಮಂದಿ ಮೇಲ್ವಿಚಾರಕರಿರಲಿ ಎಂದಿದ್ದರು. ಪ್ರತಿಯೊಬ್ಬರೂ ತಮ್ಮ ಪರಿಣತಿಯಲ್ಲಿ ಮಾತ್ರ ಆಜ್ಞೆ ಕೊಡುವವರು. ವೇಗದ ಮೇಲ್ವಿಚಾರಕ ಬೇಗ ಮಾಡು ಎಂದಾಗ ಗುಣಮಟ್ಟದ ಮೇಲ್ವಿಚಾರಕ ನಿಧಾನ ಮಾಡು ಎಂದರೆ ಏನು ಗತಿ ಎಂಬುದೇ ಆ ಪದ್ಧತಿಯ ತೊಡಕು. ಇಬ್ಬರು ಮೇಲಧಿಕಾರಿಗಳು ಅನಿವಾರ್ಯವಾದ ಕಡೆ, ಇಬ್ಬರ ಮಾತು ಡಿಕ್ಕಿಯಾದರೆ ಯಾರದು ಕೊನೆಯ ಮಾತು ಎಂಬುದನ್ನು ಮುಂಚೆಯೇ ಬರೆದಿಡಬೇಕು. ಪರೀಕ್ಷೆಯಲ್ಲಿ ಈ ಹೋಲಿಕೆ ಬರೆದರೆ ಉತ್ತರಕ್ಕೆ ತೂಕ ಬರುತ್ತದೆ.

ಪ್ರಶ್ನೆ: ಲೆಕ್ಕಶಾಸ್ತ್ರದ ಮೇಷ್ಟ್ರು ಲಾಭ ಎಂದದ್ದನ್ನು ಅರ್ಥಶಾಸ್ತ್ರದ ಮೇಷ್ಟ್ರು ಲಾಭವೇ ಅಲ್ಲ ಎನ್ನುತ್ತಾರೆ. ಯಾರನ್ನು ನಂಬಲಿ?

ಉತ್ತರ: ಇಬ್ಬರನ್ನೂ. ಮೇಲೆ ಹೇಳಿದ ವ್ಯಾಪಾರದಲ್ಲಿ ನಿವ್ವಳ ಲಾಭ 1,60,000 ಬಂತು. ಆ ಮಾಲೀಕರು ಬೇರೆಡೆ ನೌಕರಿ ಮಾಡಿದ್ದರೆ ವರ್ಷಕ್ಕೆ 1,20,000 ದುಡಿಯಬಹುದಿತ್ತು, 4,00,000 ಬಂಡವಾಳಕ್ಕೆ ಅಷ್ಟೇ ಅಪಾಯದ ಬೇರೆ ಹೂಡಿಕೆಯಲ್ಲಿ 8% ಅಂದರೆ 32,000 ಬರುತ್ತಿತ್ತು ಎನ್ನಿ. ಬಿಟ್ಟುಕೊಟ್ಟದ್ದು 1,52,000, ಅದೇ ಅವಕಾಶ ವೆಚ್ಚ. ಅದನ್ನೂ ಕಳೆದರೆ ಅರ್ಥಶಾಸ್ತ್ರದ ಲೆಕ್ಕದಲ್ಲಿ ಉಳಿಯುವ ಲಾಭ 8,000 ಮಾತ್ರ. ಅವಕಾಶ ವೆಚ್ಚಕ್ಕೆ ರಸೀದಿ ಇರುವುದಿಲ್ಲ, ಹಣ ಹೊರಗೆ ಹೋಗುವುದಿಲ್ಲ, ಆದ್ದರಿಂದ ಅದನ್ನು ಲೆಕ್ಕದ ಪುಸ್ತಕಕ್ಕೆ ಬರೆಯಬಾರದು. ಆದರೆ ಮುಂದಿನ ವರ್ಷವೂ ಇದನ್ನೇ ಮಾಡಬೇಕೋ ಬಿಡಬೇಕೋ ಎಂದು ಮಾಲೀಕರು ಕೂತು ಯೋಚಿಸುವಾಗ ಎದುರಿಗಿರಬೇಕಾದ ಅಂಕಿ ಆ 8,000ವೇ. ಆಗ ಯಂತ್ರಕ್ಕೆ ಹಿಂದೆ ಕೊಟ್ಟ 1,00,000ವನ್ನು ಎಣಿಸಬೇಡಿ; ಮುಂದುವರಿಸಿದರೂ ನಿಲ್ಲಿಸಿದರೂ ಅದು ಹೋದದ್ದೇ. ಇವತ್ತು ಆ ಯಂತ್ರ ಮಾರಿದರೆ ಎಷ್ಟು ಬರುತ್ತದೆ ಎಂಬುದನ್ನು ಮಾತ್ರ ಎಣಿಸಿ.